ಎಪಿಪಿ ಪರೀಕ್ಷೆ ಬರೆಯಲಾ, ಸ್ವಂತ ಪ್ರಾಕ್ಟೀಸ್ ಹಿಡಿಯಲಾ?

ಪ್ರಶ್ನೆ: ಸರ್, ನಾನು ಸಿಂಧನೂರಿನವಳು. ರಾಯಚೂರಿನಲ್ಲಿ ಒಬ್ಬ ಸೀನಿಯರ್ ಹತ್ತಿರ ನಾಲ್ಕು ವರ್ಷದಿಂದ ಜೂನಿಯರ್ ಆಗಿದ್ದೇನೆ. ಮನೆಯಲ್ಲಿ ಎಪಿಪಿ ಪರೀಕ್ಷೆ ಬರೆ, ತಿಂಗಳ ಸಂಬಳ ಬರುತ್ತೆ ಅಂತಾರೆ. ಸೀನಿಯರ್ ನೋಡಿದರೆ, ಒಂದು ಸಲ ಸರ್ಕಾರಿ ವಕೀಲಳಾದರೆ ಅಲ್ಲಿಗೆ ನಿನ್ನ ವಕೀಲಿಕೆ ಮುಗೀತು ಅಂತಾರೆ. ಆದರೆ ದೊಡ್ಡ ವಕೀಲರ ಬಗ್ಗೆ ಓದಿದಾಗಲೆಲ್ಲ ಅವರು ಸರ್ಕಾರದ ಪರವೂ ನಿಂತಿದ್ದಾರೆ, ಖಾಸಗಿಯಾಗಿಯೂ ಹೆಸರು ಮಾಡಿದ್ದಾರೆ. ಅದು ಹೇಗೆ? ಸರ್ಕಾರದ ಪರ ನಿಂತರೆ ಸರ್ಕಾರ ಹೇಳಿದಂತೆ ಕೇಳಬೇಕಾ? ಈಗಲೇ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗುವುದು ಒಳ್ಳೆಯದಾ?

ಉತ್ತರ: ತಂಗಿ, ನಿಮ್ಮ ಮನೆಯವರೂ ಸೀನಿಯರ್ರೂ ಬೇರೆ ಬೇರೆ ಕೆಲಸಗಳ ಬಗ್ಗೆ ಮಾತಾಡ್ತಿದ್ದಾರೆ. ಸರ್ಕಾರಿ ವಕೀಲರು ಅಂತ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ, ಆದರೆ ಅದರೊಳಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂಥ ನಾಲ್ಕೈದು ಹುದ್ದೆಗಳಿವೆ. ಅದನ್ನು ಬಿಡಿಸಿಕೊಂಡರೆ ನಿಮ್ಮ ಅರ್ಧ ಗೊಂದಲ ಹೋಗುತ್ತೆ. ನಾನು ಬಳ್ಳಾರಿ ಕೋರ್ಟಿನಲ್ಲಿ ಎರಡೂ ಕಡೆ ನಿಂತವನು, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲನೆಯದು ನಿಮ್ಮ ಮನೆಯವರು ಹೇಳುವ ಎಪಿಪಿ. ಅಂದರೆ ಸಹಾಯಕ ಸರ್ಕಾರಿ ಅಭಿಯೋಜಕರು, ಕ್ರಿಮಿನಲ್ ಕೇಸುಗಳನ್ನು ಸರ್ಕಾರದ ಪರ ನಡೆಸುವವರು. ಇದು ಪಕ್ಕಾ ಸರ್ಕಾರಿ ನೌಕರಿ. ಪರೀಕ್ಷೆ, ಸಂದರ್ಶನ, ಸಂಬಳ, ಬಡ್ತಿ, ವರ್ಗಾವಣೆ ಎಲ್ಲ ಇರುತ್ತೆ. ಕೆಲಸ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ. ಈ ನೇಮಕಕ್ಕೆ ಹಿಂದೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 25ನೇ ಕಲಂ ಇತ್ತಲ್ಲ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 19ನೇ ಕಲಂ ಬಂದಿದೆ. ಈ ನೌಕರಿಯಲ್ಲಿ ಇರುವಷ್ಟು ದಿನ ಖಾಸಗಿ ವಕಾಲತ್ತು ಹಾಕುವಂತಿಲ್ಲ. ನಿಮ್ಮ ಸೀನಿಯರ್‌ಗೆ ಭಯ ಇರುವುದು ಇದೇ. ಅವರ ಭಯಕ್ಕೆ ಕಾರಣ ಇದೆ, ಆದರೆ ಅಲ್ಲಿಗೆ ಮುಗೀತು ಅನ್ನುವುದು ಜಾಸ್ತಿಯಾಯಿತು. 2013ರಲ್ಲಿ ದೀಪಕ್ ಅಗರ್‌ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ವಿಷಯ ಸ್ಪಷ್ಟ ಮಾಡಿತು. ಕೋರ್ಟಿನಲ್ಲಿ ನಿಂತು ಕೇಸು ನಡೆಸುವ ಎಪಿಪಿ, ಪಿಪಿಗಳು ಸಂಬಳ ತಗೊಂಡ ಮಾತ್ರಕ್ಕೆ ವಕೀಲರಲ್ಲದೆ ಹೋಗುವುದಿಲ್ಲ, ನೇರ ನೇಮಕಾತಿಯಲ್ಲಿ ಜಿಲ್ಲಾ ನ್ಯಾಯಾಧೀಶರಾಗಲು ಬೇಕಾದ ಏಳು ವರ್ಷದ ಲೆಕ್ಕಕ್ಕೆ ಅವರ ಸೇವೆಯೂ ಬರುತ್ತೆ ಅಂತ. ಹಾಗಾಗಿ ಆ ದಾರಿ ಮುಚ್ಚಿಲ್ಲ.

ಎರಡನೆಯದು ಸೆಷನ್ಸ್ ಕೋರ್ಟಿನ ಸರ್ಕಾರಿ ಅಭಿಯೋಜಕರು, ಅಂದರೆ ಪಿಪಿ. ಅದೇ ಸುರಕ್ಷಾ ಸಂಹಿತೆಯ 18ನೇ ಕಲಂ ಪ್ರಕಾರ ಇದಕ್ಕೆ ಕನಿಷ್ಠ ಏಳು ವರ್ಷ ವಕೀಲಿಕೆ ಮಾಡಿರಬೇಕು. ಕೆಲವು ಕಡೆ ಇಲಾಖೆಯೊಳಗಿನಿಂದ ಬಡ್ತಿ ಪಡೆದವರು ಇರುತ್ತಾರೆ. ಹೊರಗಿನ ವಕೀಲರನ್ನು ತಗೊಳ್ಳುವುದಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಧೀಶರ ಜೊತೆ ಸಮಾಲೋಚಿಸಿ ಹೆಸರುಗಳ ಪಟ್ಟಿ ಮಾಡಬೇಕು. ಸಿವಿಲ್ ಸೈಡಿನಲ್ಲಿ ಜಿಲ್ಲಾ ಸರ್ಕಾರಿ ವಕೀಲರು ಇದ್ದಾರೆ, ಅವರ ನೇಮಕ 1977ರ ಕರ್ನಾಟಕ ಕಾನೂನು ಅಧಿಕಾರಿಗಳ ನಿಯಮಗಳ ಕೆಳಗೆ. ಹೀಗೆ ಹೊರಗಿನಿಂದ ಬಂದವರದು ನೌಕರಿ ಅಲ್ಲ, ಅವಧಿಯ ನೇಮಕ. ಒಂದು ಪ್ರಕರಣಕ್ಕೆ ಅಂತಲೇ ಹಾಕುವ ವಿಶೇಷ ಅಭಿಯೋಜಕರಿಗೆ ಹತ್ತು ವರ್ಷ ಬೇಕು. ಎಲ್ಲಕ್ಕಿಂತ ಮೇಲೆ ಅಡ್ವೊಕೇಟ್ ಜನರಲ್, ಸಂವಿಧಾನದ 165ನೇ ವಿಧಿಯ ಹುದ್ದೆ. ಹೈಕೋರ್ಟ್ ನ್ಯಾಯಾಧೀಶರಾಗುವ ಅರ್ಹತೆ ಇರಬೇಕು, ಸರ್ಕಾರ ಬದಲಾದರೆ ಸಾಮಾನ್ಯವಾಗಿ ಅವರೂ ರಾಜೀನಾಮೆ ಕೊಡುತ್ತಾರೆ.

ನೀವು ಓದಿದ ದೊಡ್ಡ ವಕೀಲರು ಬಹುಪಾಲು ಈ ಅವಧಿಯ ಹುದ್ದೆಗಳಿಗೆ ಹೋಗಿ ಬಂದವರು. ಮೊದಲು ಸ್ವಂತ ಪ್ರಾಕ್ಟೀಸ್, ಆಮೇಲೆ ಸರ್ಕಾರದ ಕರೆ, ಅದು ಮುಗಿದ ಮೇಲೆ ಮತ್ತೆ ತಮ್ಮ ಚೇಂಬರ್. ಈ ಕ್ರಮ ನೆನಪಿಟ್ಟುಕೊಳ್ಳಿ, ನಾನು ಹೇಳಬೇಕಾದ ಮುಖ್ಯ ಮಾತು ಇದರಲ್ಲೇ ಇದೆ.

ಬಿ.ವಿ. ಆಚಾರ್ಯರನ್ನೇ ತಗೊಳ್ಳಿ. ಉಡುಪಿ ಜಿಲ್ಲೆಯಿಂದ ಬಂದವರು, ಐದು ಸಲ ಕರ್ನಾಟಕದ ಅಡ್ವೊಕೇಟ್ ಜನರಲ್ ಆದವರು. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ತಮಿಳುನಾಡಿನಿಂದ ಕರ್ನಾಟಕಕ್ಕೆ ವರ್ಗಾಯಿಸಿತು. ಅದರ ವಿಶೇಷ ಅಭಿಯೋಜಕರಾಗಿ ಇವರನ್ನು ನೇಮಿಸಲಾಯಿತು. ಆಮೇಲೆ ಅಡ್ವೊಕೇಟ್ ಜನರಲ್ ಹುದ್ದೆಯೂ ಬಂತು, ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬಹುದಾ ಅನ್ನುವ ತಕರಾರು ಎದ್ದಿತು. ಆಗ 2012ರಲ್ಲಿ ಅವರು ಬಿಟ್ಟಿದ್ದು ಯಾವುದನ್ನು ಗೊತ್ತಾ? ಅಡ್ವೊಕೇಟ್ ಜನರಲ್ ಹುದ್ದೆಯನ್ನು. ರಾಜ್ಯದ ಅತಿ ದೊಡ್ಡ ಕಾನೂನು ಹುದ್ದೆ ಬಿಟ್ಟು ಒಂದು ಕೇಸನ್ನು ಇಟ್ಟುಕೊಂಡರು. ಅದೇ ವರ್ಷ ಒತ್ತಡದ ಕಾರಣ ಹೇಳಿ ಅಭಿಯೋಜಕರ ಕೆಲಸಕ್ಕೂ ರಾಜೀನಾಮೆ ಕೊಟ್ಟರು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆ ಕೊಟ್ಟಿತು, ಮೇಲ್ಮನವಿ ಹೈಕೋರ್ಟಿಗೆ ಬಂತು. ಅಲ್ಲಿ ಅಭಿಯೋಜಕರಾಗಿ ನಿಂತವರ ನೇಮಕವೇ ಸರಿಯಿಲ್ಲ, ನೇಮಿಸುವ ಅಧಿಕಾರ ತಮಿಳುನಾಡಿಗೆ ಇರಲಿಲ್ಲ ಅಂತ ಸುಪ್ರೀಂ ಕೋರ್ಟ್ 2015ರ ಏಪ್ರಿಲ್ 27ರಂದು ಹೇಳಿತು. ಕರ್ನಾಟಕ ಮತ್ತೆ ಆಚಾರ್ಯರನ್ನೇ ಕರೆಯಿತು. ಹೈಕೋರ್ಟಿನಲ್ಲಿ ವಾದ ಎಲ್ಲ ಮುಗಿದಿತ್ತು, ಲಿಖಿತ ವಾದ ಕೊಡಲು ಸಿಕ್ಕಿದ್ದು ಒಂದೇ ದಿನ. ಅಷ್ಟರಲ್ಲೇ 18 ಪುಟ ಬರೆದು ಕೊಟ್ಟರು. ಹೈಕೋರ್ಟ್ ಆ ವರ್ಷ ಮೇ 11ಕ್ಕೆ ಎಲ್ಲರನ್ನೂ ಬಿಡುಗಡೆ ಮಾಡಿತು, ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು, 2017ರ ಫೆಬ್ರವರಿ 14ರಂದು ವಿಶೇಷ ನ್ಯಾಯಾಲಯದ ತೀರ್ಪೇ ಸರಿ ಅಂತಾಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು, ಉಳಿದ ಮೂವರು ಜೈಲಿಗೆ ಹೋದರು. ಒಂದು ದಿನದಲ್ಲಿ 18 ಪುಟ ಬರೆಯುವುದು ಸುಮ್ನೆ ಬರುವ ವಿದ್ಯೆ ಅಲ್ಲ. ಆ ಫೈಲು ಅವರ ತಲೆಯೊಳಗೆ ಇತ್ತು. ಅವರು ಎರಡು ಸಲ ಹುದ್ದೆ ಬಿಡುವುದು ಸಾಧ್ಯವಾಗಿದ್ದು, ಬಿಟ್ಟ ಮರುದಿನ ಹೋಗಿ ಕೂರಲು ತಮ್ಮದೇ ಚೇಂಬರ್ ಇದ್ದದ್ದರಿಂದ. ನನ್ನ ಮಟ್ಟಿಗೆ ಅವರ ವೃತ್ತಿಜೀವನದಲ್ಲಿ ಗಮನಿಸಬೇಕಾದ ವಿಷಯವೇ ಇದು.

ಫಾಲಿ ನಾರಿಮನ್ ಅವರದೂ ಇದೇ ಥರ. ಮುಂಬೈಯಲ್ಲಿ 1950ರಿಂದ ಪ್ರಾಕ್ಟೀಸ್ ಮಾಡಿ, 1972ರಲ್ಲಿ ಕೇಂದ್ರದ ಅಡಿಷನಲ್ ಸಾಲಿಸಿಟರ್ ಜನರಲ್ ಆಗಿ ದೆಹಲಿಗೆ ಹೋದರು. 1975ರ ಜೂನಿನಲ್ಲಿ ತುರ್ತು ಪರಿಸ್ಥಿತಿ ಹೇರಿದ ತಕ್ಷಣ ರಾಜೀನಾಮೆ ಕೊಟ್ಟರು. ಆಮೇಲೆ ಅವರು ಸರ್ಕಾರದ ಹುದ್ದೆ ಹಿಡಿಯಲಿಲ್ಲ, ಆದರೆ ಸರ್ಕಾರದ ಕೇಸು ಬಿಡಲಿಲ್ಲ. ಕಾವೇರಿ, ಕೃಷ್ಣಾ ಎರಡೂ ವಿವಾದಗಳಲ್ಲಿ ದಶಕಗಳ ಕಾಲ ಕರ್ನಾಟಕದ ಪರ ನಿಂತವರು ಅವರೇ. ನಮ್ಮ ರಾಯಚೂರು ಕಡೆಯ ಕಾಲುವೆಗೆ ಎಷ್ಟು ನೀರು ಅನ್ನುವುದು ಕೃಷ್ಣಾ ನ್ಯಾಯಮಂಡಳಿಯ ಮುಂದೆ ತೀರ್ಮಾನವಾಗುತ್ತಿತ್ತು ಅಲ್ವಾ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರು ಬಿಡಬೇಕೆಂಬ ಸುಪ್ರೀಂ ಕೋರ್ಟಿನ ಆದೇಶವನ್ನು ರಾಜ್ಯ ಪಾಲಿಸದೆ ಹೋದಾಗ, ಆದೇಶ ಪಾಲನೆ ಆಗದೆ ನಾನು ವಾದ ಮಾಡುವುದಿಲ್ಲ ಅಂತ ಕೋರ್ಟಿನಲ್ಲೇ ತಿಳಿಸಿದರು. ನಮ್ಮ ಜನರಿಗೆ ಬೇಜಾರಾಗಿತ್ತು, ನನಗೆ ನೆನಪಿದೆ. ಆದರೆ ವಕೀಲ ಅನ್ನುವವನು ಕಕ್ಷಿದಾರ ಸರ್ಕಾರವೇ ಆದರೂ ಕೋರ್ಟಿಗೆ ಹೇಳಬೇಕಾದ್ದನ್ನು ಹೇಳಲೇಬೇಕು. ಅವರ ಬದುಕಿನಲ್ಲಿ ಇನ್ನೊಂದು ಮುಖವೂ ಇದೆ. ಭೋಪಾಲ್ ಅನಿಲ ದುರಂತದಲ್ಲಿ ಯೂನಿಯನ್ ಕಾರ್ಬೈಡ್ ಪರ ವಾದಿಸಿದರು, ಅದರ ಬಗ್ಗೆ ಆಮೇಲೆ ಬಹಿರಂಗವಾಗಿಯೇ ವಿಷಾದ ಹೇಳಿಕೊಂಡರು. ಖಾಸಗಿ ಪ್ರಾಕ್ಟೀಸ್ ಅಂದರೆ ಪೂರ್ತಿ ಸ್ವಾತಂತ್ರ್ಯ, ಸರ್ಕಾರಿ ಅಂದರೆ ಪೂರ್ತಿ ಬಂಧನ ಅಂತ ಯಾರಾದರೂ ಹೇಳಿದರೆ ಇದನ್ನು ನೆನಪು ಮಾಡಿಕೊಳ್ಳಿ.

ದೆಹಲಿ, ಬೆಂಗಳೂರು ಯಾಕೆ, ನಮ್ಮ ಬಳ್ಳಾರಿಯಲ್ಲೇ ಹಳೆಯ ಉದಾಹರಣೆ ಇದೆ. ಬಳ್ಳಾರಿ ರಾಘವ ಅಂದರೆ ಜನ ನಾಟಕ ಅಂತಾರೆ, ರಾಘವ ಕಲಾಮಂದಿರ ನೆನಪಿಸಿಕೊಳ್ತಾರೆ. ಆದರೆ ಅವರ ಹೊಟ್ಟೆಪಾಡು ವಕೀಲಿಕೆ. 1905ರಲ್ಲಿ ಮದ್ರಾಸಿನಲ್ಲಿ ಕಾನೂನು ಓದು ಮುಗಿಸಿ ಬಂದು ಇಲ್ಲಿ ಕ್ರಿಮಿನಲ್ ಕೇಸುಗಳಲ್ಲಿ ಹೆಸರು ಮಾಡಿದರು, ಸರ್ಕಾರಿ ಅಭಿಯೋಜಕರೂ ಆದರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅದು ಮೈಸೂರಿಗೆ ಸೇರಿದ್ದು 1953ರಲ್ಲಿ. ಅಂದರೆ ಜಿಲ್ಲಾ ಕೋರ್ಟಿನಲ್ಲಿ ಕೂತೇ ಎರಡೂ ಕಡೆ ದೊಡ್ಡ ಹೆಸರು ಮಾಡುವುದು ನಮ್ಮ ಊರಿಗೆ ಹೊಸದೇನಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಸರ್ಕಾರ ಹೇಳಿದಂತೆ ಕೇಳಬೇಕಾ? ಕಾನೂನು ಬೇಡ ಅನ್ನುತ್ತೆ. ಕೇಸು ವಾಪಸ್ ತಗೊಳ್ಳುವ ಅರ್ಜಿಯನ್ನೇ ನೋಡಿ. ಸುರಕ್ಷಾ ಸಂಹಿತೆಯ 360ನೇ ಕಲಂ ಆ ಅಧಿಕಾರ ಕೊಟ್ಟಿರುವುದು ಅಭಿಯೋಜಕರಿಗೆ, ಅದೂ ಕೋರ್ಟಿನ ಒಪ್ಪಿಗೆ ಮೇಲೆ. ಸರ್ಕಾರದಿಂದ ಪತ್ರ ಬರಬಹುದು, ಆದರೆ ಫೈಲು ಓದಿ ನಿರ್ಧಾರ ಮಾಡಬೇಕಾದವರು ನೀವು. ಶಾಸಕರು, ಸಂಸದರ ಮೇಲಿನ ಕೇಸಾದರೆ ಹೈಕೋರ್ಟಿನ ಅನುಮತಿ ಇಲ್ಲದೆ ವಾಪಸ್ ತಗೊಳ್ಳುವ ಹಾಗಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶವೂ ಆಗಿದೆ. ಬಾರ್ ಕೌನ್ಸಿಲ್ ನಿಯಮದಲ್ಲೂ ಇದೆ, ನಿರಪರಾಧಿಗೆ ಶಿಕ್ಷೆಯಾಗದ ಹಾಗೆ ಅಭಿಯೋಜನೆ ನಡೆಸಬೇಕು, ಆರೋಪಿ ತಪ್ಪಿತಸ್ಥನಲ್ಲ ಅಂತ ತೋರಿಸುವ ದಾಖಲೆ ಇದ್ದರೆ ಮುಚ್ಚಿಡಬಾರದು ಅಂತ. ಹುದ್ದೆಯಿಂದ ತೆಗೆಯುವುದರ ಬಗ್ಗೆಯೂ ಹೇಳಬೇಕು. 1990ರಲ್ಲಿ ಉತ್ತರ ಪ್ರದೇಶ ಸರ್ಕಾರ ಎಲ್ಲ ಜಿಲ್ಲೆಗಳ ಸರ್ಕಾರಿ ವಕೀಲರನ್ನು ಒಂದೇ ಆದೇಶದಲ್ಲಿ ಮನೆಗೆ ಕಳಿಸಿತ್ತು. ಶ್ರೀಲೇಖಾ ವಿದ್ಯಾರ್ಥಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, ಇದು ಸಾರ್ವಜನಿಕ ಹೊಣೆ ಇರುವ ಹುದ್ದೆ, ಮನಸ್ಸಿಗೆ ಬಂದ ಹಾಗೆ ತೆಗೆಯೋಕೆ ಬರಲ್ಲ ಅಂತ.

ಇದೆಲ್ಲ ಕಾಗದದ ಮೇಲೆ. ಕೋರ್ಟ್ ಹಾಲಿನಲ್ಲಿ ಹೇಗಿರುತ್ತೆ ಅಂತಲೂ ಹೇಳ್ತೀನಿ. ಬೆಳಿಗ್ಗೆ ಕೋರ್ಟ್ ಪೊಲೀಸ್ ಒಂದು ಕಟ್ಟು ಫೈಲು ತಂದು ಟೇಬಲ್ ಮೇಲಿಡುತ್ತಾನೆ. ಯಾವ ಸಾಕ್ಷಿ ಬಂದಿದ್ದಾರೆ ಅಂತ ಆಗಲೇ ಗೊತ್ತಾಗೋದು. ಪಂಚನಾಮೆಗೆ ಸಹಿ ಹಾಕಿದವನು ಕಟಕಟೆಗೆ ಬಂದು, ಸಹಿ ನಂದೇ, ಆದರೆ ಪೊಲೀಸರು ಸ್ಟೇಷನ್ನಿನಲ್ಲಿ ಹಾಕಿಸಿಕೊಂಡರು, ಜಾಗ ನೋಡಿಲ್ಲ ಅಂತಾನೆ. ನೀವು ಪ್ರತಿಕೂಲ ಸಾಕ್ಷಿ ಅಂತ ಪರಿಗಣಿಸಲು ಅನುಮತಿ ಕೇಳಿ ಪಾಟೀ ಸವಾಲು ಶುರು ಮಾಡ್ತೀರಿ, ಅವನು ಎಲ್ಲದಕ್ಕೂ 'ಸರಿಯಲ್ಲ' ಅಂತಾನೆ. ಹೊರಗೆ ದೂರುದಾರಳು ಕೂಸು ಎತ್ತಿಕೊಂಡು ನಿಂತಿರುತ್ತಾಳೆ, ಆಕೆಗೆ ವಕೀಲರು ಅಂತ ಇರೋದು ನೀವೊಬ್ಬರೇ, ಆದರೆ ಆಕೆ ನಿಮ್ಮ ಕಕ್ಷಿದಾರಳೂ ಅಲ್ಲ. ನಿಮ್ಮ ಕೈಲಿರುವುದು ಬೇರೆ ಯಾರೋ ಮಾಡಿದ ತನಿಖೆ. ಚಾರ್ಜ್‌ಶೀಟ್ ಬರುವ ಮುಂಚೆ ತನಿಖಾಧಿಕಾರಿಯನ್ನು ಕೂರಿಸಿಕೊಂಡು ಇಂಥ ದಾಖಲೆ ಇಲ್ಲ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಎಲ್ಲಿ ಅಂತ ಕೇಳುವ ಎಪಿಪಿಗೂ, ಬಂದ ಫೈಲಿಗೆ ಸುಮ್ನೆ ತಲೆಯಾಡಿಸುವ ಎಪಿಪಿಗೂ ಬಹಳ ವ್ಯತ್ಯಾಸ ಇದೆ.

ಆ ಕೆಲಸದ ತೂಕ ಎಷ್ಟು ಅಂತ ತಿಳಿಯಬೇಕಾದರೆ ಗಂಗಾವತಿ ತಾಲ್ಲೂಕಿನ ಮರಕುಂಬಿ ಪ್ರಕರಣ ನೋಡಿ. 2014ರ ಆಗಸ್ಟಿನಲ್ಲಿ ದಲಿತ ಕೇರಿಯ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಸೆಷನ್ಸ್ ಕೋರ್ಟ್ 98 ಜನಕ್ಕೆ ಜೀವಾವಧಿ, ಇನ್ನು ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಪ್ರಕರಣ ಆಮೇಲೆ ಧಾರವಾಡ ಪೀಠಕ್ಕೆ ಹೋಯಿತು, ಅದು ಬೇರೆ ಮಾತು. ಆದರೆ ನೂರಕ್ಕೂ ಹೆಚ್ಚು ಆರೋಪಿಗಳು, ಅದೇ ಊರಲ್ಲೇ ಬದುಕಬೇಕಾದ ಸಾಕ್ಷಿಗಳು, ಹತ್ತು ವರ್ಷ. ಅಷ್ಟು ಕಾಲ ಆ ಸಾಕ್ಷಿಗಳು ಒಡೆದು ಹೋಗದ ಹಾಗೆ, ಯಾರು ಯಾರನ್ನು ಎಲ್ಲಿ ನೋಡಿದರು ಅನ್ನುವುದು ಕಲಸಿ ಹೋಗದ ಹಾಗೆ ವಿಚಾರಣೆ ನಡೆಸುವುದು ಅಭಿಯೋಜಕರ ಕೆಲಸ. ಜಿಲ್ಲಾ ಕೇಂದ್ರದಲ್ಲಿ ಕೂತ ಒಬ್ಬ ಖಾಸಗಿ ವಕೀಲನಿಗೆ ಇಂಥ ಕೇಸು ಇಡೀ ಜೀವಮಾನದಲ್ಲಿ ಸಿಗುವುದು ಕಷ್ಟ.

ಸಿವಿಲ್ ಸೈಡಿನಲ್ಲಿ ಎರಡೂ ಕಡೆ ನಿಂತರೆ ಏನು ಲಾಭ ಅನ್ನುವುದಕ್ಕೆ ನಮ್ಮ ಭಾಗದಲ್ಲಿ ಭೂಸ್ವಾಧೀನದಷ್ಟು ಒಳ್ಳೆಯ ಉದಾಹರಣೆ ಇಲ್ಲ. ನಾರಾಯಣಪುರ ಬಲದಂಡೆ ಕಾಲುವೆ ಇರಲಿ, ರೈಲ್ವೆ ಲೈನ್ ಇರಲಿ, ಬಳ್ಳಾರಿ-ಕೊಪ್ಪಳದ ಕಾರ್ಖಾನೆ ಜಮೀನಿರಲಿ, ರೈತ ಪರಿಹಾರ ಸಾಲದು ಅಂತ ಕೋರ್ಟಿಗೆ ಬರುತ್ತಾನೆ. ಖಾಸಗಿ ವಕೀಲ ರೈತನ ಪರ ಬೆಲೆ ಏರಿಸಬೇಕು. ಒಂದು ದಾರಿ ಪಕ್ಕದ ಜಮೀನಿನ ಖರೀದಿ ಪತ್ರ ಹಾಜರುಪಡಿಸುವುದು. ಆದರೆ ನಮ್ಮ ಕಡೆ ಖರೀದಿ ಪತ್ರದಲ್ಲಿ ನಿಜವಾದ ಬೆಲೆ ಬರೆದಿರುವುದು ಕಡಿಮೆ. ಹಾಗಾಗಿ ಬೆಳೆಯ ಆದಾಯದ ಮೇಲೆ ಹೋಗಬೇಕಾಗುತ್ತೆ. ಎಕರೆಗೆ ಎಷ್ಟು ಚೀಲ ಭತ್ತ ಅಂತ ಕೃಷಿ ಇಲಾಖೆಯ ಇಳುವರಿ ಪ್ರಮಾಣಪತ್ರ ಬೇಕು, ಎಪಿಎಂಸಿ ದರಪಟ್ಟಿ ಬೇಕು, ಪಹಣಿಯಲ್ಲಿ ಅದೇ ಬೆಳೆ ನಮೂದಾಗಿರಬೇಕು. ಬಂದ ಒಟ್ಟು ಆದಾಯದಲ್ಲಿ ಸಾಮಾನ್ಯವಾಗಿ ಅರ್ಧ ಬೇಸಾಯದ ಖರ್ಚಿಗೆ ಕಳೆದು, ಉಳಿದದ್ದಕ್ಕೆ ಹತ್ತರಿಂದ ಗುಣಿಸುತ್ತಾರೆ. ಈಗ ಸರ್ಕಾರಿ ವಕೀಲರ ಕುರ್ಚಿಯಲ್ಲಿ ಕೂತು ನೋಡಿ. ಪಹಣಿಯಲ್ಲಿ ಹತ್ತಿ ಇದ್ದು ರೈತ ಭತ್ತ ಅಂತಿದ್ದಾನಾ? ಸ್ವಾಧೀನದ ಅಧಿಸೂಚನೆ ಬಂದ ವರ್ಷದ ದರ ಬಿಟ್ಟು ಆಮೇಲಿನ ವರ್ಷದ ದರಪಟ್ಟಿ ಕೊಟ್ಟಿದ್ದಾನಾ? ನೀರಾವರಿ ಅಂತ ಹೇಳಿ ಬೋರ್‌ವೆಲ್ ದಾಖಲೆಯೇ ಇಲ್ಲವಾ? ಈ ಪ್ರಶ್ನೆಗಳನ್ನು ಆ ಕಡೆಯಿಂದ ಕೇಳಿದ ವಕೀಲರು ಈ ಕಡೆ ಬಂದಾಗ ಕೇಸು ಹಾಕುವ ಮುಂಚೆಯೇ ಆ ತೂತುಗಳನ್ನು ಮುಚ್ಚಿಕೊಂಡು ಬರುತ್ತಾರೆ. ಒಂದು ಎಚ್ಚರ ಮಾತ್ರ ಇರಲಿ. ಸರ್ಕಾರದ ಪರ ನೀವು ನಡೆಸಿದ, ಸಲಹೆ ಕೊಟ್ಟ ಅದೇ ಪ್ರಕರಣದಲ್ಲಿ ಆಮೇಲೆ ಎದುರು ಪಕ್ಷಕ್ಕೆ ವಕಾಲತ್ತು ಹಾಕುವಂತಿಲ್ಲ. ಹಾಕಿದರೆ ಬಾರ್ ಕೌನ್ಸಿಲ್ ಮುಂದೆ ನಿಲ್ಲಬೇಕಾಗುತ್ತೆ, ಊರಲ್ಲಿ ಹೆಸರೂ ಹೋಗುತ್ತೆ.

ನಡುವಿನ ದಾರಿಗಳೂ ಇವೆ. ಜೆಸ್ಕಾಂ, ಕೃಷ್ಣಾ ಭಾಗ್ಯ ಜಲ ನಿಗಮ, ಕಲ್ಯಾಣ ಕರ್ನಾಟಕ ಸಾರಿಗೆ ಸಂಸ್ಥೆ, ಬ್ಯಾಂಕುಗಳು, ವಿಮಾ ಕಂಪನಿಗಳು ಪ್ಯಾನೆಲ್ ವಕೀಲರನ್ನು ಇಟ್ಟುಕೊಳ್ಳುತ್ತವೆ. ಫೀಸು ಕಡಿಮೆ, ಬಿಲ್ ಪಾಸಾಗುವುದು ತಡ, ಆದರೆ ಸ್ವಂತ ಪ್ರಾಕ್ಟೀಸ್ ಬಿಡಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರದ ಕಾನೂನು ನೆರವು ಅಭಿರಕ್ಷಕರ ಯೋಜನೆ ಅಂತ ಇದೆ, ಬಡ ಆರೋಪಿಗಳ ಪರ ಸರ್ಕಾರದ ದುಡ್ಡಿನಲ್ಲಿ ಪೂರ್ಣಾವಧಿ ಕೆಲಸ. ಸಹಾಯಕ ಅಭಿರಕ್ಷಕರಿಗೆ ಮೂರು ವರ್ಷದೊಳಗಿನ ಅನುಭವದವರನ್ನು ತಗೊಳ್ತಾರೆ, ಉಪ ಮುಖ್ಯಸ್ಥರಿಗೆ ಏಳು, ಮುಖ್ಯಸ್ಥರಿಗೆ ಹತ್ತು ವರ್ಷ ಬೇಕು. ನೀವು ಸದ್ಯ ನಡುವೆ ಸಿಕ್ಕಿಕೊಂಡಿದ್ದೀರಿ, ಆದರೆ ಏಳು ತುಂಬಿದಾಗ ನೆನಪಿರಲಿ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷ ಪ್ರಾಕ್ಟೀಸ್ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮತ್ತೆ ತಂದಿದೆ, ಅದು ನಿಮಗೆ ಆಗಲೇ ಆಗಿದೆ.

ಹಾಗಾದರೆ ಎಪಿಪಿ ಬರೆಯಬೇಕಾ? ನಿಮಗೆ ಸಾಕ್ಷಿ ವಿಚಾರಣೆ ಅಂದರೆ ಇಷ್ಟ ಇದ್ದರೆ ಬರೆಯಿರಿ. ಜೆಎಂಎಫ್‌ಸಿ ಕೋರ್ಟಿನಲ್ಲಿ ಎಪಿಪಿ ಒಂದು ವರ್ಷದಲ್ಲಿ ನಡೆಸುವಷ್ಟು ಮುಖ್ಯ ವಿಚಾರಣೆ, ಜೂನಿಯರ್ ಆಗಿ ವಾಯಿದೆ ಕೇಳುತ್ತಾ ನಿಂತರೆ ಹತ್ತು ವರ್ಷವಾದರೂ ಸಿಗದೇ ಇರಬಹುದು. ಬರೀ ಸಂಬಳಕ್ಕೆ ಅಂತಾದರೆ ಬೇಡ. ದಿನಾ ಪ್ರತಿಕೂಲ ಸಾಕ್ಷಿ ನೋಡಿ ಮನಸ್ಸು ಜಡ್ಡುಗಟ್ಟಿದವರನ್ನು ಕಂಡಿದ್ದೇನೆ, ಅವರಿಗೂ ಸುಖ ಇಲ್ಲ, ದೂರುದಾರರಿಗೂ ಇಲ್ಲ. ಅರ್ಜಿ ಹಾಕುವುದಾದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ, ಕೊನೇ ವಾರದಲ್ಲಿ ಓಡಾಡಬೇಡಿ. ಮನೆಯ ಪರಿಸ್ಥಿತಿ ಇನ್ನೂ ಮೂರು ವರ್ಷ ತಡೆಯುತ್ತೆ ಅಂತಿದ್ದರೆ ನನ್ನ ಆಯ್ಕೆ ಬೇರೆ. ಏಳು ವರ್ಷ ಆಗುವವರೆಗೆ ಸ್ವಂತ ಹೆಸರಿನಲ್ಲಿ ಒಂದಷ್ಟು ಕೇಸು ಕಟ್ಟಿಕೊಳ್ಳಿ, ಆಮೇಲೆ ಅವಧಿಯ ಹುದ್ದೆಗೆ ಹೋಗಿ. ಸರ್ಕಾರ ಕರೆದಾಗ ಹೋಗಲಿಕ್ಕೂ, ಸರಿ ಕಾಣದಿದ್ದಾಗ ಬಿಟ್ಟು ಬರಲಿಕ್ಕೂ ಆ ಸ್ವಂತ ಕೇಸುಗಳೇ ಬಲ.

ಇನ್ನು ಕಲಬುರಗಿ. 2008ರ ಮುಂಚೆ ನಮ್ಮವರು ಒಂದು ಸಣ್ಣ ರಿಟ್‌ಗೂ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗುತ್ತಿದ್ದರು. ಆ ವರ್ಷ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಕಾಯಂ ಆದವು. ರಾಯಚೂರು ಕಲಬುರಗಿಗೆ ಸೇರಿದೆ, ಕೊಪ್ಪಳ ಮತ್ತು ಬಳ್ಳಾರಿ ಧಾರವಾಡಕ್ಕೆ. ಪೀಠ ಹತ್ತಿರ ಬಂತು ಅಂತ ಬಹಳ ಜನ ಎರಡು-ಮೂರು ವರ್ಷಕ್ಕೇ ಅಲ್ಲಿಗೆ ಹೋಗಿಬಿಡುತ್ತಾರೆ. ನನಗೆ ಅದು ಸರಿ ಅನಿಸಲ್ಲ. ಹೈಕೋರ್ಟಿನಲ್ಲಿ ನಿಮ್ಮ ಮುಂದೆ ಬರುವುದು ಕೆಳಗಿನ ಕೋರ್ಟಿನ ದಾಖಲೆ. ಅದು ಹೇಗೆ ತಯಾರಾಗುತ್ತೆ ಅಂತ ಗೊತ್ತಿಲ್ಲದವರಿಗೆ ಅದರಲ್ಲಿ ಎಲ್ಲಿ ಕೈ ಹಾಕಬೇಕು ಅಂತ ತಿಳಿಯಲ್ಲ. ರಾಯಚೂರಿನಲ್ಲೇ ನೋಡಿ, ನಿಜಾಮರ ಕಾಲದ ಉರ್ದು ಕಾಗದ ಇರುವ ಜಮೀನಿನ ದಾವೆ ಬಂದರೆ ಅದನ್ನು ಓದಿ ಅನುವಾದ ಮಾಡಿಸಿ ಪಹಣಿಗೆ ಜೋಡಿಸಿ ತೋರಿಸುವ ವಕೀಲರು ಈಗ ಎಷ್ಟು ಜನ ಇದ್ದಾರೆ? ಅದನ್ನು ಕಲಿಸುವ ಹಿರಿಯರು ನಿಮ್ಮ ಬಾರ್‌ನಲ್ಲೇ ಕೂತಿದ್ದಾರೆ. ಇನ್ನೂ ಎರಡು ವರ್ಷ ಇಲ್ಲೇ ಇರಿ, ಕನಿಷ್ಠ ಒಂದು ಸೆಷನ್ಸ್ ಕೇಸು ಮತ್ತು ಒಂದು ಪಾಲು ವಿಭಾಗದ ದಾವೆ ಮೊದಲಿನಿಂದ ತೀರ್ಪಿನವರೆಗೆ ನೀವೇ ನಡೆಸಿ. ಅದರಲ್ಲಿ ಮೇಲ್ಮನವಿ ಆದರೆ, ನಿಮ್ಮ ಸೀನಿಯರ್ ಒಪ್ಪಿಗೆ ತಗೊಂಡು, ಆ ಫೈಲಿನ ಜೊತೆಗೇ ಕಲಬುರಗಿಗೆ ಹೋಗಿ.